ಮುಕ್ತಾ ಹೇಳಿದ ಬಣ್ಣ

ಮನೆಯಲ್ಲೇ ನಡೆಸುವ ನಮ್ಮ ಖಾನಾವಳಿಗೆ ಬರುವವರು ತಾಟು ಕೈಗೆ ಬಂದ ಕೂಡಲೇ ಉಣ್ಣಲು ಕೂಡುತ್ತಿರಲಿಲ್ಲ. ತಾಟು ಹಿಡಿದುಕೊಂಡು ಒಂದು ಸಲ ಹೊರಗಿನ ಕಟ್ಟೆಗೆ ಹೋಗಿ ನೋಡಿಕೊಂಡು ಬರುತ್ತಿದ್ದರು. ಒಳಗೆ ಎಲ್ಲವೂ ಬೂದಿ ಬಣ್ಣ. ರೊಟ್ಟಿಯೂ ಬೂದಿ, ಎಣ್ಣೆಗಾಯಿಯೂ ಬೂದಿ. ಕೆಂಪು ಖಾರ ಯಾವುದು, ಶೇಂಗಾ ಹಿಂಡಿ ಯಾವುದು ಎಂದು ಬಾಯಿಗಿಟ್ಟ ಮೇಲೆಯೇ ಗೊತ್ತಾಗಬೇಕು. ಹೊಸ್ತಿಲು ದಾಟಿ ಕಟ್ಟೆಗೆ ಹೋದರೆ ಖಾರ ಕೆಂಪಗೆ, ಮೆಂತ್ಯೆ ಪಲ್ಯ ಹಸಿರಾಗಿ, ಬೇಳೆ ಹಳದಿಯಾಗಿ ಕಾಣುತ್ತಿತ್ತು. ಯಾವ ಮೂಲೆಯಲ್ಲಿ ಏನಿದೆ ಎಂದು ನೆನಪಿಟ್ಟುಕೊಂಡು ಒಳಗೆ ಬಂದು ನೆರಳಲ್ಲಿ ಕೂತು ಉಣ್ಣುತ್ತಿದ್ದರು. ಬಸ್ ಸ್ಟ್ಯಾಂಡಿನ ಹತ್ತಿರ ಬಣ್ಣವಿರುವ ಖಾನಾವಳಿಗಳೂ ಇದ್ದವು. ಆದರೂ ನಮ್ಮ ಗಿರಾಕಿಗಳಲ್ಲಿ ಒಬ್ಬರೂ ಅತ್ತ ಹೋಗಲಿಲ್ಲ. ಆ ಜನರ ಉಪಕಾರ ನೆನೆದು ಈಗಲೂ ಅವರ ತಾಟಿಗೆ ಒಂದು ಸೌಟು ಪಲ್ಯ ಹೆಚ್ಚು ಹಾಕುತ್ತೇನೆ. ಯಾಕೆ ಎಂದು ಕೇಳಿದರೆ ಕೈ ಜಾರಿತು ಎನ್ನುತ್ತೇನೆ.

ನಮ್ಮ ಊರಿನಲ್ಲಿ ಮನೆಗೆ ಕೂಸು ಬಂದರೆ ಬಣ್ಣ ಹೋಗುತ್ತದೆ. ಬಾಣಂತಿ ಕೂಸನ್ನೆತ್ತಿಕೊಂಡು ಹೊಸ್ತಿಲ ಒಳಗೆ ಕಾಲಿಟ್ಟ ಗಳಿಗೆಯಿಂದ ಗೋಡೆ, ಬಾಗಿಲು, ಸೀರೆ, ದೇವರಿಗೆ ಏರಿಸಿದ ಹೂವು, ಎಲ್ಲ ಬೂದಿ. ಕೂಸು ಬೆಳೆದು ಒಂದೊಂದೇ ಬಣ್ಣದ ಹೆಸರು ಹೇಳುತ್ತ ಹೋದಂತೆ ಒಂದೊಂದೇ ಬಣ್ಣ ಮನೆಗೆ ಮರಳುತ್ತದೆ. ಇದನ್ನು ಯಾರೂ ದುಃಖವೆಂದು ಎಣಿಸುವುದಿಲ್ಲ. ಹೊಸದಾಗಿ ಮದುವೆಯಾದವರನ್ನು ‘ನಿಮ್ಮ ಮನಿ ಬೂದಿ ಆಗೂದು ಯಾವಾಗ?’ ಎಂದೇ ಕೆಣಕುತ್ತೇವೆ. ಬಣ್ಣ ಬಂದ ದಿನ ಆ ಮನೆಯವರು ಓಣಿಗೆಲ್ಲ ಅದೇ ಬಣ್ಣದ ಅಡುಗೆ ಬಡಿಸಬೇಕು. ಹಳದಿಗೆ ಚಿತ್ರಾನ್ನವಿದೆ, ಹಸಿರಿಗೆ ಪಲ್ಯವಿದೆ. ನೀಲಿ ಬಂದವರು ಮಾತ್ರ ತಲೆ ಕೆರೆದುಕೊಳ್ಳುತ್ತಾರೆ. ನೇರಳೆ ಹಣ್ಣಿನ ಕಾಲವಾದರೆ ಪಾರಾಗುತ್ತಾರೆ, ಇಲ್ಲವಾದರೆ ಮುಂದಿನ ವರ್ಷದ ತನಕ ಓಣಿಯವರ ಚಾಷ್ಟಿ ತಪ್ಪಿದ್ದಲ್ಲ.

ಹೆಸರು ಹೇಳುವುದೆಂದರೆ ಗಿಣಿಪಾಠ ಒಪ್ಪಿಸುವುದಲ್ಲ. ಎದುರು ಮನೆಯ ಫಕೀರಪ್ಪನ ಹೆಂಡತಿ ತನ್ನ ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ‘ಕೆಂಪು ಅನ್ನು, ಕೆಂಪು ಅನ್ನು’ ಎಂದು ಇಡೀ ಬೇಸಿಗೆ ಬಾಯಿಪಾಠ ಮಾಡಿಸಿದಳು. ಹುಡುಗ ಅಂದಿದ್ದೇ ಅಂದಿದ್ದು, ಮನೆಯಲ್ಲಿ ಒಂದು ಮೊಳೆಯೂ ಕೆಂಪಾಗಲಿಲ್ಲ. ಒಂದು ಮಧ್ಯಾಹ್ನ ಅವನ ಚೆಂಡು ಮಂಚದ ಕೆಳಗೆ ಉರುಳಿಹೋಯಿತು. ‘ನನ್ನ ಕೆಂಪು ಚಂಡು ಕೊಡ್ರಿ!’ ಎಂದು ಕೂಗಿ ಅತ್ತನಲ್ಲ, ಆಗ ಬಂತು ಕೆಂಪು. ಬೂದಿಯೊಳಗೆ ಕೂತು, ಕಾಣದ ಬಣ್ಣವನ್ನು ತನಗಾಗಿ ಹೇಳಬೇಕು. ನಾಲ್ಕು ವರ್ಷ ತುಂಬುವಷ್ಟರಲ್ಲಿ ಊರಿನ ಎಲ್ಲ ಮಕ್ಕಳೂ ಇದನ್ನು ಮುಗಿಸಿರುತ್ತಾರೆ.

ನನ್ನ ಮೊಮ್ಮಗಳು ಮುಕ್ತಾ ಮುಗಿಸಲಿಲ್ಲ. ಹುಟ್ಟಿದಾಗ ಅವಳು ಅಳಲಿಲ್ಲ. ಅಳು ಬರುವಷ್ಟರಲ್ಲಿ ತಡವಾಗಿತ್ತು, ಉಸಿರು ಸಾಲದೆ ಮೆದುಳಿಗೆ ಪೆಟ್ಟು ಬಿದ್ದಿದೆ ಎಂದರು ಡಾಕ್ಟರು. ಕೈಕಾಲು ಬಿಗಿ. ಕುತ್ತಿಗೆ ನಿಲ್ಲಲೇ ಬಹಳ ಕಾಲ ಹಿಡಿಯಿತು. ನಾಲಿಗೆ ಹೊರಳುವುದಿಲ್ಲ, ಅಳು ಮತ್ತು ನಗು ಬಿಟ್ಟರೆ ಬಾಯಿಂದ ಬೇರೇನೂ ಹೊರಡುವುದಿಲ್ಲ. ಮೈಯಲ್ಲಿ ಅವಳ ಮಾತು ಕೇಳುತ್ತಿದ್ದದ್ದು ಕಣ್ಣು ಮಾತ್ರ. ಹಸಿವಾದರೆ ಅಡುಗೆಮನೆ ಬಾಗಿಲನ್ನು ನೋಡುತ್ತಿದ್ದಳು, ಬೇಸರವಾದರೆ ಬೀದಿ ಬಾಗಿಲನ್ನು. ಅವಳಿಗೆ ಆರು ತುಂಬಿದರೂ ನಮ್ಮದು ಬೂದಿ ಮನೆಯೇ ಆಗಿತ್ತು.

ರೂಢಿಯಾದರೆ ಯಾವುದೂ ಕಷ್ಟವಲ್ಲ. ನನ್ನ ಸೊಸೆ ಅನಸೂಯಾ ಕುಂಕುಮದ ಭರಣಿಗೆ ದಾರ ಕಟ್ಟಿದ್ದಳು, ಅರಿಷಿಣದ ಭರಣಿಗೆ ಕಟ್ಟಿರಲಿಲ್ಲ. ಟೊಮೆಟೊ ಹಣ್ಣೋ ಕಾಯೋ ಎಂದು ಹಿಚುಕಿ ನೋಡುತ್ತಿದ್ದೆವು. ನನ್ನ ಮಗಳು ಸುನಂದಾ ಸೀರೆ ಉಟ್ಟು ಕಟ್ಟೆಗೆ ಓಡಿ, ಕುಪ್ಪಸ ಹೊಂದಿಲ್ಲವೆಂದು ತಿಳಿದು ‘ಅಯ್ಯ ನನ್ನ ಕರ್ಮ’ ಎಂದು ಒಳಗೆ ಓಡಿ ಬರುವುದನ್ನು ನೋಡಲು ಓಣಿಯ ಹುಡುಗಿಯರು ಕಾಯುತ್ತಿದ್ದರು. ಕಾಯಿಪಲ್ಯೆಯ ಬಸಮ್ಮ ಬಾಗಿಲಲ್ಲೇ ಹಣ್ಣು ಬೇರೆ, ಕಾಯಿ ಬೇರೆ ಆರಿಸಿ ಕೊಡುತ್ತಿದ್ದಳು. ಹೂವಿನವಳು ಮಾಲೆ ಕೊಡುತ್ತ ‘ಇದು ಹಳದಿ ಶ್ಯಾವಂತಿಗಿ, ಇದು ಬಿಳಿದು’ ಎಂದು ಕೂಸಿಗೆ ಕೇಳಿಸುವ ಹಾಗೆ ಜೋರಾಗಿ ಹೇಳಿ ಹೋಗುತ್ತಿದ್ದಳು. ಇವರಿಗೆಲ್ಲ ಹೀಗೆ ಮಾಡಿ ಎಂದು ಯಾರು ಹೇಳಿಕೊಟ್ಟರೋ ಕಾಣೆ. ನಾನಂತೂ ಹೇಳಿಕೊಟ್ಟಿರಲಿಲ್ಲ. ಚುಚ್ಚುವವರೂ ಇದ್ದರು, ಇಲ್ಲವೆಂದರೆ ಸುಳ್ಳಾದೀತು. ‘ಕಾಶವ್ವಾ, ಇನ್ನೂ ಬೂದೀನ ಏನ?’ ಎಂದು ಕೇಳಿದವರಿಗೆ ‘ಹೌದವ್ವಾ, ನಿನ್ನ ಮಾರಿ ಒಳಗ ಬಂದ್ರ ಅದೂ ಬೂದೀನ’ ಎನ್ನುತ್ತಿದ್ದೆ. ನಮ್ಮ ಯಜಮಾನರಿಗೆ ಮಾತು ಕಡಿಮೆ, ಅವರ ಪಾಲಿನದನ್ನೂ ನಾನೇ ಆಡುತ್ತೇನೆ.

ಅನಸೂಯಾ ಮಾತ್ರ ಯಾರಿಗೂ ಏನೂ ಅನ್ನುತ್ತಿರಲಿಲ್ಲ. ಬೆಳಿಗ್ಗೆ ಮಗಳನ್ನು ತೊಳೆದು, ಎಣ್ಣೆ ಹಚ್ಚಿ ಕೈಕಾಲು ತಿಕ್ಕಿ, ದಿಂಬು ಕೊಟ್ಟು ಕೂರಿಸಿ, ಆಮೇಲೆ ನನ್ನ ಜೊತೆ ರೊಟ್ಟಿಗೆ ಕೂಡುತ್ತಿದ್ದಳು. ಸಂಜೆ ಕೆಲಸ ಮುಗಿದ ಮೇಲೆ ಮುಕ್ತಾಳನ್ನು ಎತ್ತಿಕೊಂಡು ಹಿತ್ತಿಲ ಕಟ್ಟೆಗೆ ಹೋಗುತ್ತಿದ್ದಳು. ಅಲ್ಲಿ ತಾಯಿ ಮಗಳು ಇಬ್ಬರೇ ಕೂತಿರುತ್ತಿದ್ದರು. ಬಣ್ಣ ನೋಡಲಿ ಅಂತ ಕರೆದೊಯ್ಯುತ್ತೇನೆ ಎನ್ನುತ್ತಿದ್ದಳು. ಒಳ್ಳೆಯದೇ ಎಂದುಕೊಂಡು ನಾವು ಯಾರೂ ಅತ್ತ ಹೋಗುತ್ತಿರಲಿಲ್ಲ.

ಶಿಕ್ಷಕಿ ಜುಬೇದಾ ಬಾಯಾರು ಬಂದದ್ದು ಆ ಹೊತ್ತಿಗೆ. ಮಾತು ಬಾರದ ಮಕ್ಕಳಿಗೆ ಕಲಿಸಲೆಂದು ಪರ ಊರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮೊದಲನೆಯ ದಿನ ಕೈಚೀಲ ತುಂಬ ಬಣ್ಣದ ಕಾರ್ಡು ತಂದಿದ್ದರು. ಒಳಗೆ ಬಂದು, ಮುಕ್ತಾಳ ಮುಂದೆ ಕೂತು, ‘ನೋಡು ಪುಟ್ಟಿ, ಇದು ಕೆಂಪು’ ಎಂದು ಒಂದು ಕಾರ್ಡು ಎತ್ತಿದರು. ಅದು ಬೂದಿ. ಗಾಬರಿಯಾಗಿ ಇನ್ನೊಂದು ಎತ್ತಿದರು. ಅದೂ ಬೂದಿ. ಚೀಲದಲ್ಲಿದ್ದುದನ್ನೆಲ್ಲ ಸುರುವಿಕೊಂಡು ಹುಡುಕುತ್ತಿದ್ದ ಆ ಹೆಂಗಸನ್ನು ನೋಡಿ ಸುನಂದಾ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮುಕ್ತಾಳೂ ನಕ್ಕಳು. ಬಾಯಾರು ಸಿಟ್ಟಾಗಲಿಲ್ಲ.

‘ನಗಾಕ ಬರ್ತದಲ್ಲ ಇಕೀಗೆ,’ ಎಂದರು. ‘ನಾ ಮಾಡಿದ್ದು ತಪ್ಪು ಅಂತ ತಿಳದ ನಕ್ಕಾಳಂದ್ರ ತಲೀ ಛೊಲೋ ಐತಿ.’

ಆರು ವರ್ಷದಲ್ಲಿ ನಮ್ಮ ಮನೆಯೊಳಗೆ ಅಂಥ ಮಾತು ಯಾರೂ ಆಡಿರಲಿಲ್ಲ. ನನಗೆ ಅವರ ಕಾಲು ಹಿಡಿಯುವಷ್ಟು ಆನಂದವಾಯಿತು. ಕಾಲು ಹಿಡಿದರೆ ಚೆನ್ನಾಗಿರುವುದಿಲ್ಲ ಎಂದು ಊಟಕ್ಕೆ ಎಬ್ಬಿಸಿದೆ.

ಅವರು ಮುಕ್ತಾಳನ್ನು ಕಟ್ಟೆಗೆ ಕರೆದೊಯ್ದು, ಎಡಕ್ಕೆ ಕೆಂಪು ಅರಿವೆ, ಬಲಕ್ಕೆ ಹಳದಿ ಅರಿವೆ ಹಾಸಿ, ಕೈಯಲ್ಲಿ ಒಂದು ಕೆಂಪು ಬಳೆ ಹಿಡಿದು ‘ಇದರ ಜೋಡಿ ಯಾವುದು?’ ಎಂದು ಕೇಳಿದರು. ಮುಕ್ತಾಳ ಕಣ್ಣು ಬಳೆಯಿಂದ ಕೆಂಪು ಅರಿವೆಗೆ ಹೋಯಿತು. ಅರಿವೆ ಅದಲು ಬದಲು ಮಾಡಿದರು. ಕಣ್ಣೂ ಬದಲಾಯಿತು. ‘ಬಣ್ಣ ಇಕೀಗೆ ಗೊತ್ತಾಗ್ತದ,’ ಎಂದರು ಬಾಯಾರು. ‘ಆದ್ರ ಗೊತ್ತಾಗೂದು ಬ್ಯಾರೆ, ಹೇಳೂದು ಬ್ಯಾರೆ. ಹೇಳಾಕ ಇಕೀ ಕಡೆ ಏನೂ ಇಲ್ಲ. ನಾಲಿಗಿ ಇಲ್ಲ, ಕೈ ಇಲ್ಲ. ಒಳಗ ಹೋದ್ರೂ ಗುರ್ತು ಸಿಗೂವಂಥದ್ದು ಏನರ ಕೊಡಬೇಕು.’

ಬಣ್ಣ ಹೋದರೂ ಗುರುತು ಸಿಗುವ ವಸ್ತು ಖಾನಾವಳಿಯವರ ಮನೆಯಲ್ಲಿ ಇಲ್ಲದೆ ಮತ್ತೆಲ್ಲಿ ಇರಬೇಕು? ನಾನು ಹಿಟ್ಟು ನಾದುವ ಒಂದು ಪರಾತದಲ್ಲಿ ಒಣ ಮೆಣಸಿನಕಾಯಿ ಇಟ್ಟೆ, ಅರಿಷಿಣದ ಕೊಂಬು ಇಟ್ಟೆ, ಒಂದು ಎಸಳು ಕರಿಬೇವು ಇಟ್ಟೆ. ಕೆಂಪಿಗೆ ಒಂದು, ಹಳದಿಗೆ ಒಂದು, ಹಸಿರಿಗೆ ಒಂದು. ಕಟ್ಟೆಯ ಮೇಲೆ ಕೂತು ದಿನವೂ ಬಾಯಾರು ಹೇಳಿದಂತೆ ಆಡಿಸಿದೆವು. ಗಿರಾಕಿಗಳೂ ಸುಮ್ಮನಿರಲಿಲ್ಲ. ಒಬ್ಬ ತನ್ನ ಕೆಂಪು ಟವೆಲ್ಲು ಹಿಡಿದು ‘ಇದ್ಯಾವುದು ಮುಕ್ತವ್ವಾ?’ ಎನ್ನುತ್ತಿದ್ದ, ಇನ್ನೊಬ್ಬ ತನ್ನ ಹಸಿರು ಅಂಗಿಯ ತೋಳು ತೋರಿಸುತ್ತಿದ್ದ. ಮುಕ್ತಾ ಪರಾತ ನೋಡುತ್ತಿದ್ದಳು. ಟವೆಲ್ಲಿಗೆ ಮೆಣಸಿನಕಾಯಿ. ಅಂಗಿಗೆ ಕರಿಬೇವು. ತಪ್ಪಿದ ದಿನ ಇಲ್ಲವೆಂದಲ್ಲ, ಆದರೆ ಬರಬರುತ್ತ ತಪ್ಪು ಅಪರೂಪವಾಯಿತು. ಬೇಕೆಂದೇ ತಪ್ಪು ಹೇಳಿ ನಗುವುದನ್ನೂ ಕಲಿತಳು, ಆ ಬುದ್ಧಿ ನನ್ನದೇ ಬಂದಿರಬೇಕು.

ಇಷ್ಟಾದರೂ ಮನೆ ಬೂದಿಯೇ. ಒಳಗೆ ಕೂರಿಸಿ ‘ಹಳದಿ ಯಾವುದವ್ವಾ?’ ಎಂದರೆ ಅರಿಷಿಣದ ಕೊಂಬು ನೋಡುತ್ತಾಳೆ. ನಾವು ಗೋಡೆ ನೋಡುತ್ತೇವೆ. ಗೋಡೆ ಇದ್ದ ಹಾಗೇ ಇರುತ್ತದೆ. ಬಾಯಿಂದ ಹೇಳಿದರೆ ಮಾತ್ರ ಮನೆ ಕೇಳುತ್ತದೆ, ಕಣ್ಣಿನ ಮಾತು ಅದಕ್ಕೆ ಲೆಕ್ಕವಿಲ್ಲ ಎಂದು ಓಣಿಯ ಹಿರಿಯರು ತೀರ್ಮಾನ ಕೊಟ್ಟರು. ಬಾಯಾರು ಒಪ್ಪಲಿಲ್ಲ. ‘ನಾವು ಕೇಳಾಕತ್ತೇವಿ, ಇಕಿ ಉತ್ತರ ಕೊಡಾಕತ್ತಾಳ. ಅದು ಪರೀಕ್ಷೆ ಆತು, ಮಾತು ಆಗಲಿಲ್ಲ. ತಾನಾಗೇ ಏನರ ಹೇಳಬೇಕು ಅನಸಬೇಕು. ಅಲ್ಲೀತನಕ ಕಾಯೋಣು,’ ಎಂದರು.

ಕಾಯಲು ನಾವು ತಯಾರಿದ್ದೆವು. ಆದರೆ ಅಷ್ಟರಲ್ಲಿ ಸುನಂದಾಳಿಗೆ ಗಂಡು ಗೊತ್ತಾಯಿತು. ಹುಡುಗ ಒಳ್ಳೆಯವನು, ಮೇಲಿನ ಓಣಿಯವನು, ಸೈಕಲ್ ರಿಪೇರಿ ಅಂಗಡಿ ಇಟ್ಟವನು. ಸುನಂದಾಳಿಗೂ ಮನಸ್ಸಿತ್ತು, ಅಂಗಡಿಯ ಮುಂದೆ ಅವಳ ಸೈಕಲ್ಲಿನ ಗಾಳಿ ಯಾಕೆ ಅಷ್ಟು ಸಲ ಹೋಗುತ್ತಿತ್ತು ಎಂದು ನನಗೆ ಆಮೇಲೆ ತಿಳಿಯಿತು. ಹುಡುಗನ ಮನೆಯಲ್ಲಿ ಎಲ್ಲ ಅವನ ಅಜ್ಜಿ ನೀಲಗಂಗವ್ವನದೇ ನಡೆಯುತ್ತದೆ. ಆಕೆ ನಮ್ಮ ಮನೆಗೆ ಬಂದು, ನಡುಮನೆಯಲ್ಲಿ ಕೂತು, ಬೂದಿ ಬಣ್ಣದ ಚಹಾ ಕುಡಿದು, ಕಪ್ ಕೆಳಗಿಟ್ಟು ಹೇಳಿದಳು:

‘ನೋಡ್ರಿ ಬೀಗತಿ, ನಿಮ್ಮ ಹುಡುಗಿ ನಮಗ ಒಪ್ಪಿಗಿ. ಆದ್ರ ಅರಿಷಿಣ ಹಚ್ಚೂದು ಹೊಸ್ತಿಲ ಒಳಗ. ಬೂದಿ ಅರಿಷಿಣ ಹಚಗೊಂಡು ಬಂದ ಸೊಸೀನ ನಾ ಎಲ್ಲೂ ಕಂಡಿಲ್ಲ. ನಾಳಿ ಅಕೀ ಹೊಟ್ಟೀಲೆ ಹುಟ್ಟೂವು ಹಿಂಗ ಆದ್ರ ಏನ್ ಮಾಡೂದು? ಅರಿಷಿಣದ ದಿನದ ತನಕ ನೋಡೂಣು. ಬಣ್ಣ ಬಂದ್ರ ಛೊಲೋ ಆತು. ಬರಲಿಲ್ಲಂದ್ರ ಆ ಕೂಸನ್ನ ಎಲ್ಲ್ಯಾರ ಪರ ಊರಾಗ ಕಾಯಂ ಇಡ್ರಿ, ಬೀಗರು ಬಂದು ಹೋಗೂ ಮನಿ ಇದು. ಕೂಸು ಹೋದ್ರ ಮನಿ ಬಣ್ಣ ತಾನ ಬರ್ತದ.’

ಅದು ನಿಜ. ಕೂಸು ಊರು ಬಿಟ್ಟರೆ ಬಣ್ಣ ಆ ಗಳಿಗೆಯೇ ಬರುತ್ತದೆ. ಇದು ಊರಿಗೆಲ್ಲ ಗೊತ್ತು. ಗೊತ್ತಿದ್ದರೂ ಯಾರೂ ನಮ್ಮೆದುರು ಅಂದಿರಲಿಲ್ಲ. ನನಗೆ ಬೆಂಕಿಯೇ ಬಿದ್ದಂತಾಯಿತು. ಮಗಳನ್ನು ಕೊಡುವ ಮನೆ ಎಂದು ನಾಲಿಗೆ ಕಚ್ಚಿಕೊಂಡೆ, ಎಂದೂ ಕಚ್ಚಿ ರೂಢಿಯಿಲ್ಲದ ನಾಲಿಗೆ ಅದು.

ಆಕೆ ಹೋದ ಮೇಲೆ ಸುನಂದಾ ‘ಹಂಗಾದ್ರ ನನಗ ಈ ಮದಿವಿ ಬ್ಯಾಡ’ ಎಂದು ಎದ್ದು ನಿಂತಳು. ಅವಳ ಕೈ ಹಿಡಿದು ಕೂರಿಸಿದವಳು ಅನಸೂಯಾ.

‘ಬ್ಯಾಡ ಅನಬ್ಯಾಡ ಸುನಂದಾ. ಮುಕ್ತಾನ ಸಲವಾಗಿ ನಿನ್ನ ಮದಿವಿ ಮುರೀತು ಅಂತ ಜನ ಅಂದ್ರ ಅದನ್ನ ನಾ ತಡಕೊಳ್ಳೂದಿಲ್ಲ.’

‘ಮತ್ತ ಮುಕ್ತಾನ ಕಳಸ್ತೀರೇನು ವೈನಿ?’ ಎಂದು ಸುನಂದಾ ಅತ್ತಿಗೆಯನ್ನೇ ಕೇಳಿದಳು.

ನನ್ನ ಮಗ ಈರಭದ್ರ ತಲೆ ಕೆಳಗೆ ಹಾಕಿಕೊಂಡು, ದೂರದ ಊರಿನಲ್ಲಿ ಇಂಥ ಮಕ್ಕಳನ್ನು ಇಟ್ಟುಕೊಳ್ಳುವ ವಸತಿ ಶಾಲೆ ಇದೆಯಂತೆ, ಅಲ್ಲಿ ನೋಡಿಕೊಳ್ಳುತ್ತಾರಂತೆ, ಕೇಳಿ ಬರುತ್ತೇನೆ ಎಂದ. ಕೆಟ್ಟವನಲ್ಲ ನನ್ನ ಮಗ. ತಂಗಿ ಒಂದು ಕಡೆ, ಮಗಳು ಒಂದು ಕಡೆ, ನಡುವೆ ನಿಂತವನ ಮೋರೆ ನೋಡಲಾಗುತ್ತಿರಲಿಲ್ಲ. ಕೇಳಿ ಬಂದ. ಜಾಗ ಇದೆ ಎಂದರಂತೆ. ಅರಿಷಿಣದ ದಿನ ಬಣ್ಣ ಬಾರದಿದ್ದರೆ ಮಾರನೆಯ ಬೆಳಗಿನ ಬಸ್ಸಿಗೆ ಮುಕ್ತಾ ಹೋಗುವುದು, ಅರಿಷಿಣವನ್ನು ಅವಳು ಹೋದ ಮೇಲೆ ಹಚ್ಚುವುದು ಎಂದು ಎರಡೂ ಮನೆಯವರು ಮಾತಾಡಿಕೊಂಡರು. ಅನಸೂಯಾ ಮಗಳ ಲಂಗ, ಅಂಗಿ ತೊಳೆದು ಮಡಿಚಿ ಒಂದು ಚೀಲದಲ್ಲಿ ಇಟ್ಟಳು. ‘ಅನಸೂಯಾ, ನಿನಗ ಹೆಂಗ ಅನಸ್ತದವ್ವಾ?’ ಎಂದು ಕೇಳಿದೆ. ‘ನೀವು ಹೇಳಿದಂಗ ಅತ್ತಿ’ ಎಂದಳು. ಮುಖ ಎಂದಿನಂತೆಯೇ ಇತ್ತು. ಬೂದಿ ಮನೆಯಲ್ಲಿ ಎಲ್ಲರ ಮುಖವೂ ಎಂದಿನಂತೆಯೇ ಇರುತ್ತದೆ.

ಅರಿಷಿಣದ ದಿನ ಬಂತು. ಬೆಳಿಗ್ಗೆ ಓಣಿಯ ಹೆಂಗಸರೆಲ್ಲ ಬಂದು ಅರಿಷಿಣ ಕುಟ್ಟಿದರು. ಬೂದಿ ಪುಡಿ ಬೂದಿ ಒರಳಿನಿಂದ ಬೂದಿ ಬೋಗುಣಿಗೆ ಬಿತ್ತು. ಆದರೂ ಅವರು ಹಾಡು ಬಿಡಲಿಲ್ಲ. ಖಾನಾವಳಿಯ ಗಿರಾಕಿಗಳು ಅಂದು ಊಟವಿಲ್ಲವೆಂದು ಗೊತ್ತಿದ್ದರೂ ಬಂದು ಕಟ್ಟೆಯ ಮೇಲೆ ಕೂತಿದ್ದರು. ಯಾಕೆ ಬಂದಿರಿ ಎಂದರೆ ‘ಸುಮ್ಮನ’ ಎಂದರು. ಬಾಯಾರಿಗೆ ಅಂದು ಬರುವ ಪಾಳಿ ಇರಲಿಲ್ಲ, ಅವರೂ ಬಂದರು. ನೀಲಗಂಗವ್ವ ಐದು ಮಂದಿ ಮುತ್ತೈದೆಯರನ್ನು ಕಟ್ಟಿಕೊಂಡು ಬಂದು ನಡುಮನೆಯ ಜಮಖಾನದ ಮೇಲೆ ಕೂತಳು. ಸುನಂದಾಳನ್ನು ಮಣೆಯ ಮೇಲೆ ಕೂರಿಸಿದ್ದರು. ಮುಕ್ತಾಳನ್ನು ಗೋಡೆಗೆ ದಿಂಬು ಕೊಟ್ಟು, ಅತ್ತೆ ಸುನಂದಾಳ ಎದುರಿಗೇ ಕೂರಿಸಿ, ಮುಂದೆ ಪರಾತ ಇಟ್ಟೆವು. ಅನಸೂಯಾ ಮಾತ್ರ ಬೆಳಗಿನಿಂದ ಅಡುಗೆಮನೆ ಬಿಟ್ಟು ಹೊರಗೆ ಬಂದಿರಲಿಲ್ಲ.

ಬಾಯಾರು ಮುಕ್ತಾಳ ಹತ್ತಿರ ಕೂತು ಅರಿಷಿಣದ ಬೋಗುಣಿ ತೋರಿಸಿದರು. ‘ಮುಕ್ತಾ, ಅತ್ಯಾಗ ಹಚ್ಚತಾರಲ್ಲ ಇದು, ಇದರ ಬಣ್ಣ ಯಾವುದು ಹೇಳವ್ವಾ?’

ಮುಕ್ತಾ ಬೋಗುಣಿಯನ್ನು ನೋಡಲಿಲ್ಲ. ಅರಿಷಿಣದ ಕೊಂಬನ್ನೂ ನೋಡಲಿಲ್ಲ. ಅದೇ ಹೊತ್ತಿಗೆ ಅನಸೂಯಾ ಆರತಿಯ ತಾಟು ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಮುಕ್ತಾ ಅತ್ತ ನೋಡಿದಳು. ಆಮೇಲೆ ಪರಾತದಲ್ಲಿದ್ದ ಮೆಣಸಿನಕಾಯಿ ನೋಡಿದಳು. ಮತ್ತೆ ಬಾಗಿಲು, ಮತ್ತೆ ಮೆಣಸಿನಕಾಯಿ.

‘ಹಸಿವ್ಯಾಗೇತಿ ಕೂಸಿಗೆ,’ ಎಂದೆ ನಾನು. ಅಡುಗೆಮನೆ ಬಾಗಿಲು ನೋಡಿದರೆ ನಮ್ಮಲ್ಲಿ ಅದೇ ಅರ್ಥ. ‘ಮುಂಜಾನೆಯಿಂದ ಯಾರೂ ಉಣಿಸಿಲ್ಲ. ತಡೀರಿ, ಒಂದೆರಡು ತುತ್ತು ಉಣಿಸಿ ಆಮ್ಯಾಲೆ ಕೇಳೂಣು.’

‘ಕೇಳಿದ್ದು ಹಳದಿ, ನೋಡಿದ್ದು ಮೆಣಸಿನಕಾಯಿ,’ ಎಂದಳು ನೀಲಗಂಗವ್ವ. ಆಕೆಯ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ‘ಸಾಕು ಬಿಡ್ರಿ, ಪಾಪ. ಕೂಸಿಗೆ ತಿಳಿಯಂಗಿಲ್ಲ. ಯಾಕ ಅದನ್ನ ಕಾಡ್ತೀರಿ?’

ಮುಕ್ತಾ ಮೂರನೆಯ ಸಲ ಬಾಗಿಲು ನೋಡಿದಳು. ಕುತ್ತಿಗೆಯ ನರ ಉಬ್ಬುವಷ್ಟು ಕಷ್ಟಪಟ್ಟು ತಲೆ ಹೊರಳಿಸಿ ಮತ್ತೆ ಮೆಣಸಿನಕಾಯಿಗೆ ಬಂದಳು. ಕಣ್ಣು ಅಲ್ಲೇ ನಿಂತಿತು. ಮತ್ತು ಆಗ ಮೆಣಸಿನಕಾಯಿ ಕೆಂಪಾಯಿತು.

ಮೊದಲು ನೋಡಿದವರು ಬಾಯಾರು. ನನ್ನ ತೋಳು ಹಿಡಿದು ಅಲುಗಿಸಿದರು. ಅಷ್ಟರಲ್ಲಿ ಮನೆ ತುಂಬ ಕೆಂಪು. ದೇವರ ಮೇಲಿನ ದಾಸವಾಳ ಕೆಂಪು, ಕುಂಕುಮದ ಭರಣಿ ಕೆಂಪು, ಮುತ್ತೈದೆಯರ ಹಣೆ ಕೆಂಪು, ಸುನಂದಾಳ ಕೈಬಳೆ ಕೆಂಪು. ‘ಬಂತು! ಬಂತು!’ ಎಂದು ಹೆಂಗಸರು ಕಿರಿಚಿದರು. ಕಟ್ಟೆಯ ಮೇಲಿದ್ದವರು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿದರು. ಒಬ್ಬ ಅಡುಗೆಮನೆಯತ್ತ ಇಣುಕಿ, ‘ಕಾಶವ್ವಾ, ನಿಮ್ಮ ಗ್ಯಾಸ್ ಸಿಲಿಂಡರ್ ನೋಡ್ರಿ, ಮದುಮಗಳು ಕುಂತಂಗ ಕುಂತೈತಿ!’ ಎಂದ. ನಮ್ಮ ಯಜಮಾನರು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತು ಆರು ವರ್ಷಗಳಿಂದ ತಪ್ಪಿದ್ದ ರಜಾ ದಿನಗಳನ್ನು ಬೆರಳಿಟ್ಟು ನೋಡುತ್ತಿದ್ದರು. ಈರಭದ್ರ ಮಗಳನ್ನು ಎತ್ತಿ ಎದೆಗೊತ್ತಿಕೊಂಡು ಹೋ ಎಂದು ಅತ್ತ. ನಾನು ಯಾರ ಯಾರ ಕೈ ಹಿಡಿದೆನೋ ಏನು ಅಂದೆನೋ ನೆನಪಿಲ್ಲ. ದೇವರೇ, ನಿನ್ನ ಉಪಕಾರ, ನಿನ್ನ ಉಪಕಾರ ಎಂದು ಮಾತ್ರ ಅನ್ನುತ್ತಿದ್ದೆ.

‘ಅಲ್ಲ, ಆದ್ರ ಅರಿಷಿಣ ಇನ್ನೂ ಬೂದೀನ ಐತಿ,’ ಎಂದಿತು ಮುತ್ತೈದೆಯರಲ್ಲಿ ಒಂದು ದನಿ. ‘ಕೇಳಿದ್ದಕ್ಕ ಸರಿಯಾದ ಉತ್ತರ ಬರಲಿಲ್ಲಲ್ಲ?’

‘ಉತ್ತರ ಅಲ್ಲ ಅದು,’ ಎಂದಳು ಸುನಂದಾ. ಮಣೆಯ ಮೇಲಿನಿಂದ ಏಳಬಾರದು ಎಂದು ಶಾಸ್ತ್ರ, ಅವಳು ಎದ್ದು ನಿಂತಿದ್ದಳು. ‘ಯವ್ವಾ, ವೈನೀನ ಕಣ್ಣ ನೋಡು.’

ಎಲ್ಲರೂ ತಿರುಗಿದರು. ಅನಸೂಯಾ ಬಾಗಿಲಲ್ಲಿ ಆರತಿಯ ತಾಟು ಹಿಡಿದು ಹಾಗೇ ನಿಂತಿದ್ದಳು. ಕುಂಕುಮದ ಬೊಟ್ಟು ಬಿಟ್ಟರೆ ಮುಖವೆಲ್ಲ ಬೂದಿ. ಆ ಬೂದಿಯ ನಡುವೆ ಎರಡು ಕಣ್ಣು ಕೆಂಡದ ಹಾಗೆ ಕೆಂಪಗಿದ್ದವು. ರೆಪ್ಪೆ ಬಾತು, ಅಂಚೆಲ್ಲ ಕೆಂಪೇರಿ, ಮೂಗಿನ ತುದಿಯೂ ಕೆಂಪಾಗಿತ್ತು. ಒಂದು ದಿನ ಅತ್ತರೆ ಕಣ್ಣು ಹಾಗಾಗುವುದಿಲ್ಲ. ಎಲ್ಲರೂ ತನ್ನನ್ನು ನೋಡುತ್ತಿರುವುದನ್ನು ಕಂಡು ಅವಳು ತಾಟಿನಿಂದ ಒಂದು ಕೈ ಬಿಡಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು.

‘ಉಳ್ಳಾಗಡ್ಡಿ ಹೆಚ್ಚಾಕತ್ತಿದ್ದೆ ಅತ್ತಿ,’ ಎಂದಳು.

ಶುಭಕಾರ್ಯದ ದಿನ ನಮ್ಮ ಮನೆಯಲ್ಲಿ ಉಳ್ಳಾಗಡ್ಡಿ ಮುಟ್ಟುವುದಿಲ್ಲ. ಅದು ಅವಳಿಗೂ ಗೊತ್ತು, ಅಲ್ಲಿದ್ದ ಎಲ್ಲರಿಗೂ ಗೊತ್ತು.

ಬಾಯಾರು ಮೆಲ್ಲಗೆ ಹೇಳಿದರು, ‘ಕೂಸು ನಮ್ಮ ಪ್ರಶ್ನೆ ಕಡೆ ಲಕ್ಷ್ಯನ ಕೊಡಲಿಲ್ರಿ ಅಮ್ಮಾರ. ಅದಕ್ಕ ಹೇಳೂದು ಬ್ಯಾರೆ ಇತ್ತು. ನಮ್ಮವ್ವನ ಕಣ್ಣು ಕೆಂಪಗ್ಯಾವ ಅಂತ ಹೇಳಾಕತ್ತಿತ್ತು.’ ಆಗ ನನಗೆ ಹಿತ್ತಿಲ ಕಟ್ಟೆ ತಿಳಿಯಿತು. ದಿನಾ ಸಂಜೆ ತಾಯಿ ಅಲ್ಲಿ ಕೂತು ಯಾರಿಗೂ ಕಾಣದಂತೆ ಅತ್ತಿದ್ದಾಳೆ. ಮಗಳು ಮಡಿಲಲ್ಲಿ ಮಲಗಿ, ಬೇರೆ ಎತ್ತಲೂ ತಿರುಗಲಾರದೆ, ಅದನ್ನೇ ನೋಡಿದ್ದಾಳೆ. ಪರಾತದ ಮೆಣಸಿನಕಾಯಿ, ತಾಯಿಯ ಅತ್ತ ಮುಖ ಎರಡೂ ಒಟ್ಟಿಗೆ ಎದುರಿಗೆ ಸಿಕ್ಕಿದ್ದೇ ತಡ, ಊರನ್ನೆಲ್ಲ ಕೂರಿಸಿಕೊಂಡು ಹೇಳಿದ್ದಾಳೆ.

ನೀಲಗಂಗವ್ವ ಮೊಣಕಾಲಿನ ಮೇಲೆ ಕೈಯೂರಿ ಎದ್ದಳು. ಇನ್ನೇನು ಅನ್ನುತ್ತಾಳೋ ಎಂದು ನಾನು ಸೆರಗು ಸಿಕ್ಕಿಸಿದೆ. ಈ ಸಲ ನಾಲಿಗೆ ಕಚ್ಚುವವಳಲ್ಲ ನಾನು. ಆದರೆ ಆಕೆ ತನ್ನ ಎಲೆ ಅಡಿಕೆಯ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಬೆರಳ ತುದಿಯಲ್ಲಿ ಒಂದಿಷ್ಟು ಸುಣ್ಣ ತೆಗೆದುಕೊಂಡು, ಬೂದಿ ಅರಿಷಿಣಕ್ಕೆ ನೀರು ಹಾಕಿ ಕಲಸಿದಳು. ಅರಿಷಿಣಕ್ಕೆ ಸುಣ್ಣ ಬಿದ್ದರೆ ಏನಾಗುತ್ತದೆ ಎಂದು ಆರತಿ ಮಾಡಿದ ಹೆಂಗಸರಿಗೆಲ್ಲ ಗೊತ್ತು. ನಾವು ನೋಡುತ್ತಿದ್ದ ಹಾಗೆ ಬೋಗುಣಿ ಕೆಂಪಾಯಿತು.

‘ಹಳದಿ ಬರೂ ತನಕ ಇದ ಅರಿಷಿಣ,’ ಎಂದಳು. ಮೊದಲು ಹಚ್ಚಿದ್ದು ಮದುಮಗಳಿಗಲ್ಲ. ಬೋಗುಣಿ ಹಿಡಿದು ಬಾಗಿಲಿಗೆ ಹೋಗಿ ಅನಸೂಯಾಳ ಎರಡು ಕೆನ್ನೆಗೂ ಹಚ್ಚಿದಳು. ‘ನಾ ಆಡಿದ ಮಾತು ಹೊಟ್ಟಿಗೆ ಹಾಕ್ಕೊ ತಂಗಿ. ನಾಳಿ ಬಸ್ಸಿಗೆ ಯಾರೂ ಹೋಗೂದು ಬ್ಯಾಡ. ತಾಯಿ ದುಃಖ ತಿಳಿಯೂವಂಥಾ ಕೂಸು ನಮ್ಮ ಸುನಂದಾನ ಹೊಟ್ಟೀಲೂ ಹುಟ್ಟಲಿ.’ ಆಕೆಯ ಬಗ್ಗೆ ನನಗಿದ್ದ ಸಿಟ್ಟು ಎಲ್ಲಿ ಹೋಯಿತೋ, ಈಗ ಹುಡುಕಿದರೂ ಸಿಗುವುದಿಲ್ಲ. ಅದಕ್ಕೂ ನಾನು ಮುಕ್ತಾಳಿಗೇ ಋಣಿ.

ನಾನು ಅನಸೂಯಾಳ ಕೈಯಿಂದ ತಾಟು ತೆಗೆದುಕೊಂಡೆ. ‘ಕುಂದರು,’ ಎಂದೆ. ಈರಭದ್ರ ಮಗಳನ್ನು ಮತ್ತೆ ದಿಂಬಿಗೆ ಒರಗಿಸಿದ್ದ. ಅನಸೂಯಾ ಅವಳೆದುರು ನೆಲಕ್ಕೆ ಕೂತು, ಬಿಗಿದುಕೊಂಡ ಆ ಸಣ್ಣ ಕೈಗಳನ್ನು ಹಿಡಿದು, ‘ಯಾವಾಗಿಂದ ನೋಡಾಕತ್ತಿದ್ದಿ ನನ್ನವ್ವಾ?’ ಎಂದಳು. ಅಂದವಳೇ ಆರು ವರ್ಷದ್ದನ್ನೆಲ್ಲ ಒಮ್ಮೆಲೇ ಅತ್ತಳು. ಈ ಸಲ ಯಾರಿಂದಲೂ ಮುಚ್ಚಿಡಲಿಲ್ಲ.

ಮುಕ್ತಾ ತಾಯಿಯ ಮುಖ ನೋಡಿದಳು, ಮೆಣಸಿನಕಾಯಿ ನೋಡಿದಳು. ಮತ್ತೆ ಮುಖ, ಮತ್ತೆ ಮೆಣಸಿನಕಾಯಿ. ಇವರಿಗೆ ಎಷ್ಟು ಸಲ ಹೇಳಬೇಕು ಎಂದು ಬೇಸತ್ತವಳ ಹಾಗೆ ಬಿಡದೆ ನೋಡುತ್ತಿದ್ದಳು. ‘ತಿಳೀತವ್ವಾ, ತಿಳೀತು,’ ಎಂದು ನಾನು ಅನಸೂಯಾಳ ಪಕ್ಕ ಕೂತೆ. ತಣ್ಣೀರು ತರಿಸಿ ಸೆರಗು ಅದ್ದಿ ಅವಳ ಕಣ್ಣು ಒರೆಸಿದೆ. ಮತ್ತೆ ಅದ್ದಿದೆ, ಮತ್ತೆ ಒರೆಸಿದೆ. ಆರತಿಗೆ ಹೊತ್ತಾಗುತ್ತದೆ ಎಂದು ಯಾರೋ ಅಂದರು. ಆಗಲಿ ಎಂದೆ. ಮೆಲ್ಲಗೆ ಕಣ್ಣಿನ ಕೆಂಪು ಇಳಿಯುತ್ತ ಬಂತು. ಅನಸೂಯಾ ಉಸಿರು ಬಿಟ್ಟು ಮಗಳ ಕಡೆ ನೋಡಿ, ಕೆಂಪು ಬಳಿದ ಕೆನ್ನೆಯಲ್ಲಿ ಒಂದಿಷ್ಟು ನಕ್ಕಳು.

ಮುಕ್ತಾ ಆ ಮುಖವನ್ನು ಬಹಳ ಹೊತ್ತು ನೋಡಿದಳು. ಈ ಸಲ ಮೆಣಸಿನಕಾಯಿಯ ಕಡೆ ಕಣ್ಣು ಹೊರಳಿಸಲಿಲ್ಲ.